ಲೀಡ್ಸ್‌ನ ಕ್ಲಬ್ಬು, ಬಾಗಲಕೋಟೆಯ ಜಾತ್ರೆ

ನಾನು ನೆಲೆಸಿರುವ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬ್ರೂಡೆನೆಲ್ ಸೋಷಿಯಲ್ ಕ್ಲಬ್ ಎಂಬ ಸಭಾಂಗಣವಿದೆ. 1913ರಲ್ಲಿ ದುಡಿಯುವ ಜನರ ಕೂಟವಾಗಿ ಹುಟ್ಟಿದ ಈ ಕ್ಲಬ್ಬಿನಲ್ಲಿ ಇಂದು ಹೆಸರಾಂತ ತಂಡಗಳ ಜೊತೆಗೆ ರೆಕಾರ್ಡ್ ಕಂಪನಿಯ ಬೆಂಬಲವಿಲ್ಲದ ಹೊಸಬರೂ ಹಾಡುತ್ತಾರೆ. ಇಂತಹ ಕಡೆ ಕಾರ್ಯಕ್ರಮ ಮುಗಿದೊಡನೆ ಹಾಡುಗಾರರೇ ವೇದಿಕೆಯಿಂದಿಳಿದು, ಬೆವರೊರೆಸಿಕೊಳ್ಳುತ್ತಲೇ ಬಾಗಿಲ ಬಳಿಯ ಮೇಜಿನ ಹಿಂದೆ ನಿಂತು ಟೀ ಶರ್ಟು, ಎಲ್‌ಪಿ ರೆಕಾರ್ಡುಗಳನ್ನು ಮಾರುವುದು ವಾಡಿಕೆ. ಪಕ್ಕದಲ್ಲೇ ಕೇಳುಗರು ಇ-ಮೇಲ್ ವಿಳಾಸ ಬರೆಯಲು ಒಂದು ನೋಟ್‌ಬುಕ್ ತೆರೆದಿರುತ್ತದೆ. ನನ್ನ ದೃಷ್ಟಿಯಲ್ಲಿ ಮಾರಾಟವಾದ ಅಂಗಿಗಿಂತ ಆ ನೋಟ್‌ಬುಕ್ಕಿಗೇ ಬೆಲೆ ಹೆಚ್ಚು. ಸ್ಪಾಟಿಫೈನಲ್ಲಿ ಹಾಡು ಕೇಳಿದವರನ್ನು ಹಾಡುಗಾರ ಮತ್ತೆ ತಲುಪುವ ದಾರಿ ಕಡಿಮೆ. 2024ರಿಂದೀಚೆಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸದ ಹಾಡಿಗೆ ಅಲ್ಲಿ ರಾಯಧನವೂ ಇಲ್ಲ. ಡಿಜಿಟಲ್ ಮಾರಾಟದಲ್ಲಿ ಶೇ. 15ರಷ್ಟನ್ನು ಇಟ್ಟುಕೊಳ್ಳುವ ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ಜಾಲತಾಣವನ್ನು ಈ ತಂಡಗಳು ಮೆಚ್ಚಲು ಕಾರಣ, ಕೊಂಡವರ ಇ-ಮೇಲ್ ವಿಳಾಸವೂ ಹಾಡುಗಾರರ ಕೈಸೇರುತ್ತದೆ ಎಂಬುದು.

ಇದರ ಜೊತೆಗೆ ಬಿಬಿಸಿ 2007ರಲ್ಲಿ ಆರಂಭಿಸಿದ 'ಇಂಟ್ರೊಡ್ಯೂಸಿಂಗ್' ಯೋಜನೆಯಿದೆ. ಯಾವ ಹುಡುಗಿಯಾದರೂ ಮಲಗುವ ಕೋಣೆಯಲ್ಲೇ ಹಾಡಿ ಅಪ್‌ಲೋಡ್ ಮಾಡಬಹುದು; ಸ್ಥಳೀಯ ಕೇಂದ್ರದವರು ಕೇಳಿ, ಮೆಚ್ಚಿದ್ದನ್ನು ಪ್ರಸಾರ ಮಾಡುತ್ತಾರೆ. ನಮ್ಮ ಆಕಾಶವಾಣಿಯ ಆಡಿಷನ್ನು, ಬಿ, ಬಿ-ಹೈ, ಎ ಶ್ರೇಣಿಗಳು ಇದಕ್ಕಿಂತ ಬಹಳ ಹಿಂದಿನವು, ಆದರೆ ಆ ವ್ಯವಸ್ಥೆ ಕಲಾವಿದನನ್ನು ಅಳೆದಷ್ಟು ಆಸ್ಥೆಯಿಂದ ಅವನಿಗೆ ಕೇಳುಗರನ್ನು ಹುಡುಕಿಕೊಡಲಿಲ್ಲ. ಖಾಸಗಿ ಎಫ್‌ಎಂಗಳಿಗಂತೂ ಸಿನಿಮಾ ಹಾಡೇ ಸರ್ವಸ್ವ.

ಇಷ್ಟು ಹೇಳಿದರೆ ಇಂಗ್ಲೆಂಡೇ ಮುಂದೆ ಎಂಬ ಭಾವನೆ ಬಂದೀತು. ಆದರೆ ಕಂಪನಿಯ ಹಂಗಿಲ್ಲದೆ ಕೇಳುಗರನ್ನು ಗಳಿಸುವುದರಲ್ಲಿ ಬಾಗಲಕೋಟೆ, ಬೆಳಗಾವಿ, ವಿಜಯಪುರ ಸೀಮೆಯ ಜಾನಪದ ಹಾಡುಗಾರರು ಇಲ್ಲಿನವರಿಗೆ ಪಾಠ ಹೇಳಬಲ್ಲರು. ತಾಲ್ಲೂಕು ಊರಿನ ಸಣ್ಣ ಸ್ಟುಡಿಯೊದಲ್ಲಿ ಹಾಡು ಸಿದ್ಧವಾಗುತ್ತದೆ, ಯೂಟ್ಯೂಬ್ ಏರುತ್ತದೆ. ಹಾಡುಗಾರನ ಭಾವಚಿತ್ರದ ಕೆಳಗೆ 'ಕಾರ್ಯಕ್ರಮಕ್ಕಾಗಿ ಸಂಪರ್ಕಿಸಿ' ಎಂದು ಮೊಬೈಲ್ ನಂಬರು ದಪ್ಪಕ್ಷರದಲ್ಲಿ ಇರುತ್ತದೆ. ಹಿಂದೆ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿಕೊಡುತ್ತಿದ್ದ ಹಾಡು ಈಗ ಕಬ್ಬು ಹೇರಿದ ಟ್ರ್ಯಾಕ್ಟರಿನ ಡೆಕ್ಕಿನಿಂದ ಊರೂರು ತಿರುಗುತ್ತದೆ. ಅದನ್ನು ಕೇಳಿದ ಜಾತ್ರಾ ಕಮಿಟಿಯವರು ಅದೇ ನಂಬರಿಗೆ ಫೋನು ಮಾಡಿ ರಸಮಂಜರಿಗೆ ಕರೆಸುತ್ತಾರೆ. ವೇದಿಕೆಯ ಮುಂದೆ ಕೂತ ಅಭಿಮಾನಿ ಎದ್ದುಹೋಗಿ ಆಯೇರಿ (ಮೆಚ್ಚುಗೆಯ ಕಾಣಿಕೆ) ಕೊಟ್ಟರೆ, ಅವನ ಹೆಸರೂ ಊರೂ ಮೈಕಿನಲ್ಲಿ ಮೊಳಗುತ್ತವೆ. ಇಲ್ಲಿನ ಪಬ್ಬುಗಳಲ್ಲಿ ಸದ್ದಿಲ್ಲದೆ ಟೋಪಿ ತಿರುಗಿಸಿ ಚಿಲ್ಲರೆ ಕೂಡಿಸುವುದಕ್ಕಿಂತ ಈ ಪದ್ಧತಿಯಲ್ಲಿ ಕೊಡುವವನಿಗೂ ಪಡೆಯುವವನಿಗೂ ಮರ್ಯಾದೆ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. (ಸಾಹಿತ್ಯದ ಮಟ್ಟದ ಬಗ್ಗೆ ತಕರಾರು ಇರುವವರಿಗೆ ಇಲ್ಲಿನ ಪಬ್ಬಿನ ಹಾಡುಗಳನ್ನೂ ಒಮ್ಮೆ ಕೇಳಿಸಬೇಕು.)

ನಮ್ಮವರು ಸೋಲುವುದು ಆಮೇಲಿನ ಲೆಕ್ಕದಲ್ಲಿ. ಇಲ್ಲಿ ಹಾಡು ಕಟ್ಟಿದವರ ಪರವಾಗಿ ರಾಯಧನ ಕೂಡಿಸುವ ಪಿಆರ್‌ಎಸ್ ಎಂಬ ಸಂಸ್ಥೆಯಿದೆ. ಸ್ವಂತ ಹಾಡು ಕಟ್ಟುವ ಅದರ ಸದಸ್ಯರು, ಸಣ್ಣ ಪಬ್ಬಿನಲ್ಲಿ ಹಾಡಿದರೂ ಹಾಡುಗಳ ಪಟ್ಟಿಯನ್ನು ಅದಕ್ಕೆ ಕಳುಹಿಸಬಹುದು. ಪಬ್ಬಿನವರು ಕಟ್ಟಿದ ಪರವಾನಗಿ ಶುಲ್ಕದಿಂದ, ಅಲ್ಪವೇ ಆದರೂ, ಅವರಿಗೆ ಪಾಲು ಬರುತ್ತದೆ. ಭಾರತದಲ್ಲಿಯೂ ಅಂಥದೇ ಸಂಸ್ಥೆಯಾದ ಐಪಿಆರ್‌ಎಸ್ 1969ರಿಂದ ಇದೆ, ಮತ್ತು 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದಾಗಿ ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ರಾಯಧನದ ಹಕ್ಕನ್ನು ಕಂಪನಿಗೆ ಬರೆದುಕೊಡುವಂತಿಲ್ಲ. ಧಾರ್ಮಿಕ ಸಮಾರಂಭಗಳಿಗೆ ಕಾನೂನಿನ ವಿನಾಯಿತಿ ಇರುವುದರಿಂದ ಜಾತ್ರೆಯಿಂದ ರಾಯಧನ ಪಡೆಯುವುದು ಸುಲಭವಲ್ಲ, ನಿಜ. ಯೂಟ್ಯೂಬಿಗೆ ಆ ನೆಪವಿಲ್ಲ. ಅಲ್ಲಿ ಜಾಹೀರಾತಿನ ಹಣ ಸೇರುವುದು ಚಾನೆಲ್ ಒಡೆಯನ ಖಾತೆಗೆ. ಒಂದಿಷ್ಟು ಇಡಿಗಂಟು ಪಡೆದು ಹಾಡನ್ನು ಬೇರೆಯವರ ಚಾನೆಲ್ಲಿಗೆ ಒಪ್ಪಿಸಿದರೆ, ಕಂಪನಿಯನ್ನು ದೂರವಿಟ್ಟು ಇನ್ನೊಂದು ಕಂಪನಿಯನ್ನು ಮನೆಗೆ ಕರೆದಂತಾಯಿತು. ಆದ್ದರಿಂದ ಬಾಯಿಮಾತಿನ ಒಪ್ಪಂದವನ್ನು ಬಿಟ್ಟು, ಹಾಡು ಬರೆದವರು, ರಾಗ ಹಾಕಿದವರು, ಹಾಡಿದವರು ಯಾರು, ಯಾರ ಪಾಲು ಎಷ್ಟು ಎಂಬುದನ್ನು ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕುವ ರೂಢಿಯನ್ನು ನಮ್ಮ ಹಾಡುಗಾರರು ಮೊದಲು ಬೆಳೆಸಿಕೊಳ್ಳಬೇಕು.