ನೀವು ಕೇಳಲಿಲ್ಲವಲ್ಲ, ಮೇಡಂ

ಬೆಳಗ್ಗೆಯಿಂದ ತಲೆಯೊಳಗೆ ಒಂದೇ ವಾಕ್ಯ ಗಿರಗಿರನೆ ತಿರುಗುತ್ತಿದೆ. "ನೀವು ಕೇಳಲಿಲ್ಲವಲ್ಲ, ಮೇಡಂ." ಇಪ್ಪತ್ತಾರು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು ನಾನು. ಮೂರು ಪದದೊಳಗೆ ಇಷ್ಟು ವಿನಯವೂ ಇಷ್ಟು ಭಂಡತನವೂ ಒಟ್ಟಿಗೆ ಕೂತಿರುವುದನ್ನು ಈ ಮೊದಲು ಕಂಡಿರಲಿಲ್ಲ.

ನಮ್ಮ ಮೂರು ಎಕರೆಯ ಅವಸ್ಥೆ ನಿಮಗೆಲ್ಲ ಗೊತ್ತು, ಪ್ರತಿ ವರ್ಷ ಇಲ್ಲಿಯೇ ಗೋಳು ಹೇಳಿಕೊಳ್ಳುತ್ತೇನೆ. ಈ ಸಲ ಮಳೆ ಹಿಂದೆ ಸರಿಯುವ ಹೊತ್ತಿಗೆ ಕಾಫಿ ಗಿಡಗಳ ನಡುವೆ ಕಾಡು ಸೊಂಟದವರೆಗೆ ಬಂದಿತ್ತು. ಬರುತ್ತೇವೆ ಎಂದು ಮುಂಗಡ ಪಡೆದವರು ಬರಲಿಲ್ಲ. ಕೊನೆಗೆ ನಾನೇ ಮೊಬೈಲಿನಲ್ಲಿ ಹುಡುಕಿ ಕಳೆ ಹೊಡೆಯುವ ಒಂದು ಹಳೆಯ ಮೆಷಿನ್, ವೀಡ್ ಕಟರ್, ಹಿಡಿದೆ. ಬೆಲೆ 6,500 ರೂಪಾಯಿ. "ಒಬ್ಬರೇ ಬಳಸಿದ್ದು, ಉತ್ತಮ ಸ್ಥಿತಿಯಲ್ಲಿದೆ" ಎಂಬ ಒಕ್ಕಣೆ, ಐದು ಫೋಟೊ. ಐದರಲ್ಲಿ ಮೂರು ಬ್ಲೇಡಿನವೇ. ಆಗಲೇ ಅನುಮಾನ ಬರಬೇಕಿತ್ತು; ಹುಡುಗಿಯ ಫೋಟೊ ಕೇಳಿದರೆ ಬರೀ ಕೈಬಳೆ ತೋರಿಸಿದ ಹಾಗೆ.

ತೀರ್ಥೋದ್ಭವ ಮುಗಿದ ಮರುದಿನ ನಾನು, ನಮ್ಮವರು ಇಬ್ಬರೂ ಸುಂಟಿಕೊಪ್ಪದಿಂದ ಹೊರಟು, ಚೆಟ್ಟಳ್ಳಿ, ಸಿದ್ದಾಪುರ ದಾಟಿ ಗೋಣಿಕೊಪ್ಪದ ಆಚೆಗೆ ಹೋದೆವು. ದಾರಿಯಲ್ಲಿ ಆ ಮನುಷ್ಯನಿಗೆ ಒಂದು ಸಂದೇಶ ಹಾಕಿದ್ದೆ: "ಬೇರೆ ಯಾವ ತೊಂದರೆಯೂ ಇಲ್ಲವೆಂದುಕೊಂಡು ಬರುತ್ತಿದ್ದೇವೆ." ಉತ್ತರವಾಗಿ ಬಂದದ್ದು ಕೈ ಮುಗಿಯುವ ಒಂದು ಚಿತ್ರ. ಆ ಚಿತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರಿಂದ ಕೆಲಸವಿದೆ.

ಮನುಷ್ಯ ಮಾತ್ರ ಬಹಳ ಒಳ್ಳೆಯವನು. ವ್ಯಂಗ್ಯವಾಗಿ ಹೇಳುತ್ತಿಲ್ಲ. ಹಗ್ಗ ಒಂದೇ ಸಲ ಎಳೆದ, ಮೆಷಿನ್ ಹಚ್ಚಿಕೊಂಡಿತು. ಬೇಲಿ ಬದಿಯ ಹುಲ್ಲನ್ನು ಹತ್ತು ನಿಮಿಷ ಹೊಡೆದು ತೋರಿಸಿದ, ಆರಿಸಿದ. "ಬನ್ನಿ, ಕಾಫಿ ಕುಡಿಯದೆ ಹೋಗುವ ಹಾಗಿಲ್ಲ" ಎಂದು ಒಳಗೆ ಕರೆದು ಬೆಲ್ಲದ ಕಾಫಿ ಕೊಟ್ಟ. ಹಿತ್ತಲಿನ ಬೆಣ್ಣೆಹಣ್ಣಿನ ಮರ ತೋರಿಸಿ ನಾಲ್ಕು ಹಣ್ಣನ್ನು ಕೈಯಲ್ಲಿಟ್ಟ. ಹಣ್ಣು ಚೆನ್ನಾಗಿತ್ತು. ಕೊಯ್ದು ಎಷ್ಟು ದಿನ ಇಟ್ಟು ತಿನ್ನಬೇಕು ಎಂಬುದನ್ನು ಕೂಡ ಕೇಳದೆಯೇ ಹೇಳಿದ.

ಮನೆಗೆ ತಂದ ಮೆಷಿನ್ ಕಾಲು ಗಂಟೆ ಕೆಲಸ ಮಾಡಿ ನಿಂತಿತು. ಹಗ್ಗ ಎಳೆದು ಎಳೆದು ನಮ್ಮವರ ಭುಜ ಕಳಚುವುದು ಬಾಕಿ. ಒಂದು ತಾಸು ಬಿಟ್ಟರೆ ಹಚ್ಚಿಕೊಳ್ಳುತ್ತದೆ, ಮತ್ತೆ ಕಾಲು ಗಂಟೆಗೆ ನಿಲ್ಲುತ್ತದೆ. ಪೇಟೆಯ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿರುವ ಹುಡುಗ ಹೈಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿ. ಸಂಧಿ ಸಮಾಸ ಹತ್ತಲಿಲ್ಲ, ಎಂಜಿನ್ ಮಾತ್ರ ಕರತಲಾಮಲಕ. ಸೈಲೆನ್ಸರಿನ ಎರಡು ಬೋಲ್ಟ್ ಬಿಚ್ಚಿ, ಮೊಬೈಲಿನ ಬೆಳಕನ್ನು ಆ ತೂತಿಗೆ ಹಿಡಿದು, ಹಗ್ಗವನ್ನು ನಿಧಾನವಾಗಿ ಎಳೆದ. ಪಿಸ್ಟನ್ ಮೇಲೆ ಬಂತು. ಬೆಕ್ಕು ಪರಚಿದ ಹಾಗೆ ಮೇಲಿಂದ ಕೆಳಗೆ ಉದ್ದುದ್ದ ಗೀರು.

"ಆಯಿಲ್ ಬೆರೆಸದೆ ಬರೀ ಪೆಟ್ರೋಲಿನಲ್ಲಿ ಓಡಿಸಿದ್ದಾರೆ, ಟೀಚರ್. ಒಮ್ಮೆ ಸೀಜ್ ಆಗಿದೆ, ಹೇಗೋ ಬಿಡಿಸಿದ್ದಾರೆ" ಎಂದ. ಇಂಥ ಮೆಷಿನ್ನಿನ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇರುವುದಿಲ್ಲವಂತೆ. ಪೆಟ್ರೋಲಿನೊಂದಿಗೆ ಬೆರೆತು ಬರುವ ಎಣ್ಣೆಯೇ ಅದರ ಜೀವ. ಅದು ತಪ್ಪಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ತಣ್ಣಗಿದ್ದಾಗ ಹಚ್ಚಿಕೊಂಡರೂ ಬಿಸಿಯಾದರೆ ಒತ್ತಡ ನಿಲ್ಲುವುದಿಲ್ಲ. "ಬಿಸಿ ಇರುವಾಗಲೇ ಇನ್ನೊಮ್ಮೆ ಹಚ್ಚಿಸಿ ನೋಡಬೇಕಿತ್ತು" ಎಂದ. ಬಿಸಿ ಇರುವಾಗ ನಾವು ಬೆಲ್ಲದ ಕಾಫಿ ಕುಡಿಯುತ್ತಿದ್ದೆವು.

ಅವನು ಇನ್ನೊಂದು ತೋರಿಸಿದ. ಮೆಷಿನ್ನಿನ ಉಳಿದ ಬೋಲ್ಟುಗಳೆಲ್ಲ ಮಣ್ಣು, ಎಣ್ಣೆ ಮೆತ್ತಿ ಕಪ್ಪಾಗಿವೆ. ಸೈಲೆನ್ಸರಿನ ಈ ಎರಡು ಮಾತ್ರ ಹೊಳೆಯುತ್ತಿವೆ, ತಲೆಯ ಮೇಲೆ ಸ್ಪ್ಯಾನರಿನ ಹೊಸ ಗುರುತು. ಅಂದರೆ ನಮಗಿಂತ ಮೊದಲೇ ಯಾರೋ ಬಿಚ್ಚಿ, ನೋಡಿ, ಮುಚ್ಚಿದ್ದಾರೆ. ನನಗೆ ಪಿತ್ತ ನೆತ್ತಿಗೇರಿದ್ದು ಆಗ. ಗೊತ್ತಿಲ್ಲದೆ ಮಾರಿದ್ದರೆ ಅವನೂ ನನ್ನ ಹಾಗೆಯೇ ಪಾಪದವನು ಎಂದುಕೊಳ್ಳುತ್ತಿದ್ದೆ. ಅಲ್ಲಿಂದಲೇ ಫೋನ್ ಮಾಡಿದೆ. ಒಂದಿಷ್ಟೂ ಗಾಬರಿಯಿಲ್ಲ. "ಹೌದು, ಒಮ್ಮೆ ಹಿಡಿದುಕೊಂಡಿತ್ತು. ನೀವು ಕೇಳಲಿಲ್ಲವಲ್ಲ, ಮೇಡಂ."

ಬೆಣ್ಣೆಹಣ್ಣಿನ ಬಗ್ಗೆಯೂ ನಾನು ಕೇಳಿರಲಿಲ್ಲ!

ಈಗ ನಮ್ಮವರ ವಾದ ಕೇಳಿ. "ಹಳೆಯ ಸಾಮಾನು ಎಂದರೆ ಹಳೆಯದೇ. ಅರ್ಧಕ್ಕಿಂತ ಕಡಿಮೆ ಬೆಲೆಗೆ ತಂದು ಹೊಸದರ ಹಾಗೆ ಓಡಬೇಕೆಂದರೆ ಹೇಗೆ?" ನಿಮ್ಮಲ್ಲಿ ಹಲವರು ಕೆಳಗೆ ಇದನ್ನೇ ಬರೆಯುತ್ತೀರಿ, ಗೊತ್ತು. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ನಾನು ಕಡಿಮೆ ಹಣ ಕೊಟ್ಟದ್ದು ಅದರ ಸವೆತಕ್ಕೆ, ಬಣ್ಣ ಹೋದದ್ದಕ್ಕೆ, ಹಿಡಿಕೆಯ ರಬ್ಬರ್ ಹರಿದದ್ದಕ್ಕೆ. ಅವೆಲ್ಲ ಕಣ್ಣಿಗೆ ಕಾಣುತ್ತಿದ್ದವು. "ಪಿಸ್ಟನ್ ಹೋಗಿದೆ, ಮೂರು ಸಾವಿರ ಖರ್ಚಿದೆ" ಎಂದು ಹೇಳಿದ್ದರೆ ಮೂರೂವರೆ ಸಾವಿರಕ್ಕೆ ಸಂತೋಷವಾಗಿ ತರುತ್ತಿದ್ದೆ. ಮೆಷಿನ್ ನನಗೆ ಬೇಕೇ ಇತ್ತು. ಅವನು ಬಾಯಿ ಮುಚ್ಚಿಕೊಂಡದ್ದಕ್ಕೆ ನಾನು ತೆತ್ತದ್ದು ನಿಖರವಾಗಿ ಮೂರು ಸಾವಿರ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತಿದ್ದೆನಲ್ಲ, ಬಂಗಾರದ ದರ ಈಗ ತಿಳಿಯಿತು.

ಮೈಸೂರಿನಲ್ಲಿ ವಕೀಲಿ ಮಾಡುವ ಮಗನಿಗೆ ಹೇಳಿದರೆ ಅವನು ಅಮ್ಮನ ಸಂಕಟ ಬಿಟ್ಟು 1872ರ ಕರಾರು ಕಾಯ್ದೆ ತೆಗೆದ. ಅದರ 17ನೇ ಕಲಮಿನಲ್ಲಿ ವಂಚನೆ ಎಂದರೇನು ಎಂಬ ವಿವರಣೆಯಿದೆ. ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮರೆಮಾಚುವುದು ವಂಚನೆ. ಆದರೆ ಸುಮ್ಮನಿರುವುದಷ್ಟೇ ವಂಚನೆಯಲ್ಲ! ಅದಕ್ಕೊಂದು ಕುದುರೆಯ ಉದಾಹರಣೆ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ, ಅದು ರೋಗದ ಕುದುರೆ ಎಂದು ಅವನಿಗೆ ಗೊತ್ತು, ಹೇಳುವುದಿಲ್ಲ. ವಂಚನೆಯಲ್ಲ. ಕೊಳ್ಳುವವಳು ಅವನ ಸ್ವಂತ ಮಗಳು, ಈಗಷ್ಟೇ ವಯಸ್ಸಿಗೆ ಬಂದವಳು ಎಂದಾದರೆ ಮಾತ್ರ ಹೇಳಲೇಬೇಕು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೂರೈವತ್ತು ವರ್ಷದಿಂದ ಈ ದೇಶದಲ್ಲಿ ರೋಗದ ಕುದುರೆ ಮಗಳಿಗಲ್ಲದೆ ಉಳಿದವರಿಗೆಲ್ಲ ಧಾರಾಳವಾಗಿ ಮಾರಬಹುದು ಎಂದಾಯಿತು.

ಆದರೆ ಅಲ್ಲೇ ಮೂರನೆಯ ಉದಾಹರಣೆಯೂ ಇದೆ. ಕೊಳ್ಳುವವನು "ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ" ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಅಂಥ ಸುಮ್ಮನಿರುವಿಕೆ ಮಾತಾಡಿದ್ದಕ್ಕೆ ಸಮ. ಮೌನಂ ಸಮ್ಮತಿ ಲಕ್ಷಣಂ! ನಾನು ಸಿದ್ದಾಪುರದ ದಾರಿಯಲ್ಲಿ ಕಳಿಸಿದ ಸಂದೇಶವೂ ಅಕ್ಷರಶಃ ಅದೇ ತಾನೆ? ಹಾಗಿದ್ದರೆ ನಾನು ಕೇಳಿದ್ದೆ. ಅವನು ಕೈ ಮುಗಿದಿದ್ದ. ಮಗ ಸ್ವಲ್ಪ ಹೊತ್ತು ಯೋಚಿಸಿ, "ಸಾಧಾರಣ ಎಚ್ಚರಿಕೆ ವಹಿಸಿದ್ದರೆ ನಿಮಗೇ ಸತ್ಯ ತಿಳಿಯುತ್ತಿತ್ತು ಎಂದು ಅವರು ವಾದಿಸಬಹುದು, 19ನೇ ಕಲಮಿನಲ್ಲಿ ಅದಕ್ಕೂ ದಾರಿಯಿದೆ. ಅಲ್ಲದೆ ಕೈ ಮುಗಿಯುವ ಚಿತ್ರದ ಅರ್ಥವೇನು ಎಂದು ಆರೂವರೆ ಸಾವಿರಕ್ಕಾಗಿ ಕೋರ್ಟಿನಲ್ಲಿ ಕೂರಲು ನನಗೆ ಬಿಡುವಿಲ್ಲಮ್ಮಾ" ಎಂದ. ಇವನನ್ನು ಓದಿಸಲು ಮಾರಿದ ಕಾಳುಮೆಣಸಿನ ಲೆಕ್ಕ ನನ್ನ ಹತ್ತಿರ ಇನ್ನೂ ಇದೆ.

ಪೂರ್ತಿ ಕಳ್ಳರ ವಿಷಯ ಬೇರೆ. ಸೈನಿಕನ ಗುರುತಿನ ಚೀಟಿ ತೋರಿಸಿ, "ವರ್ಗಾವಣೆಯಾಗಿದೆ, ಸ್ಕೂಟರನ್ನು ಅರ್ಧ ಬೆಲೆಗೆ ಕೊಡುತ್ತೇನೆ, ಸಾಗಣೆಯ ಹಣ ಮಾತ್ರ ಮೊದಲು ಹಾಕಿ" ಎನ್ನುವವರು ಇದ್ದಾರೆ. ಬೇರೆ ಜಿಲ್ಲೆಯವರು ಅನುಮಾನ ಪಟ್ಟಾರು. ಕಾರ್ಯಪ್ಪ, ತಿಮ್ಮಯ್ಯನವರ ಊರಿನಲ್ಲಿ, ಮನೆಗೊಬ್ಬ ಮಾಜಿ ಸೈನಿಕರಿರುವ ಕಡೆ, ಸಮವಸ್ತ್ರದ ಫೋಟೊ ಕಂಡರೆ ನಾವು ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ. ಅದನ್ನು ಬಲ್ಲವರೇ ಆ ವೇಷ ಹಾಕುವುದು. ಮಾರುವವರಿಗೂ ಬಲೆ ಇದೆ: "ಹಣ ಕಳಿಸುತ್ತೇನೆ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದರೆ ಫೋನ್ ಇಟ್ಟುಬಿಡಿ, ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸರಕು ಮಾರಾಟ ಕಾಯ್ದೆ ಬಂದದ್ದೂ 1930ರಲ್ಲಿ ಎಂದು ಮಗ ಹೇಳಿದ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ಹಳೆಯ ತತ್ತ್ವ ಅದರಲ್ಲಿದೆಯಂತೆ. ಎಚ್ಚರ ತಪ್ಪಿದವರಿಗೂ ಅದೇ ಸಂಖ್ಯೆ ಕೊಟ್ಟಿದ್ದಾರೆ, ನೆನಪಿಡಲು ಸುಲಭ.

ಅಂಥವರ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಕಳ್ಳ ಕಳ್ಳನೇ. ನನ್ನ ಹೊಟ್ಟೆ ಉರಿಯುವುದು ಮನೆಗೆ ಕರೆದು ಕಾಫಿ ಕೊಟ್ಟು, ಬಾಯಲ್ಲಿ ಒಂದೇ ಒಂದು ಸುಳ್ಳು ಹೇಳದೆ, ಸತ್ಯವನ್ನು ಮಾತ್ರ ಒಳಗಿಟ್ಟುಕೊಳ್ಳುವ ಮರ್ಯಾದಸ್ಥರ ಮೇಲೆ. 2019ರ ಮಳೆಗಾಲದಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನೆನಪಿದೆಯಲ್ಲ? ಮರುವರ್ಷ ನನ್ನ ತಂಗಿಯ ಗಂಡ ಮೊಬೈಲಿನಲ್ಲಿ ನೋಡಿ ಒಂದು ಕಾರು ಕೊಂಡರು. ಒಳಗೆಲ್ಲ ಸುಗಂಧ, ಸೀಟಿಗೆ ಹೊಸ ಕವರು. ಒಂದು ದಿನ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರೆ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಮ್ಮಣ್ಣಿನ ಗೆರೆ, ಗೀಟುಪಟ್ಟಿ ಇಟ್ಟು ಎಳೆದ ಹಾಗೆ. ನೀರು ಎಲ್ಲಿಯವರೆಗೆ ನಿಂತಿತ್ತೆಂದು ಕಾರೇ ಹೇಳಿತು, ಮಾರಿದವರು ಹೇಳಿರಲಿಲ್ಲ. ಅವರೂ ಅಂದದ್ದು ಅದೇ ಮಾತು: ನೀವು ಕೇಳಲಿಲ್ಲ.

ಕೊಳ್ಳುವವರೇನೂ ಹರಿಶ್ಚಂದ್ರರಲ್ಲ. ನಮ್ಮ ಪಕ್ಕದ ತೋಟದವರು ಹಳೆಯ ಜೀಪು ಮಾರಿದರು. ಕೊಂಡವನು "ಹೆಸರು ಬದಲಿಸಿಕೊಳ್ಳುತ್ತೇನೆ" ಎಂದು ಕಾಗದ ಪಡೆದು ಮಾಯವಾದ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯಲ್ಲಿದೆ; ಇಬ್ಬರೂ ತಿಳಿಸಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಕೆಎ 12 ಸಂಖ್ಯೆಯ ಜೀಪು ಈಗ ಯಾವ ಘಟ್ಟದಲ್ಲಿ ಓಡುತ್ತಿದೆಯೋ, ಇವರು ಪ್ರತಿ ರಾತ್ರಿ ಅದು ಸುಖವಾಗಿರಲಿ ಎಂದು ದೇವರಿಗೆ ಕೈ ಮುಗಿಯುತ್ತಾರೆ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ನಿನ್ನೆ ರಾತ್ರಿಯೇ ಬರೆದು ಹಾಕಿಬಿಡುತ್ತಿದ್ದೆ ಕೂಡ. ಆದರೆ ಸೈಲೆನ್ಸರ್ ಬೋಲ್ಟಿನ ವಿಷಯ ಬರೆಯುವಾಗ ಬೇರೊಂದು ನೆನಪಾಗಿ ಮಲಗಿಬಿಟ್ಟೆ. ನಿದ್ದೆ ಬರಲಿಲ್ಲ.

2020ರ ಜುಲೈ. ಶಾಲೆಗಳು ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆಗಿದ್ದ ಕಾಲ. ಮಗನ ಹಳೆಯ ಲ್ಯಾಪ್‌ಟಾಪನ್ನು 11,000 ರೂಪಾಯಿಗೆ ಮಾರಾಟಕ್ಕೆ ಹಾಕಿದ್ದೆ. ನಾಪೋಕ್ಲು ಕಡೆಯಿಂದ ಒಬ್ಬರು ಮಗಳಿಗಾಗಿ ಕೊಳ್ಳಲು ಬಂದರು. ಅದರ ಬ್ಯಾಟರಿ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅವರು ಬರುವ ಮೊದಲೇ ಚಾರ್ಜರ್ ಚುಚ್ಚಿ, ಮೇಜಿನ ಮೇಲೆ ತೆರೆದಿಟ್ಟಿದ್ದೆ. ತಂತಿಯ ಮೇಲೆ ಮೇಜುವಸ್ತ್ರದ ಅಂಚು ಬಿದ್ದಿತ್ತು. ತಾನಾಗಿ ಬಿದ್ದಿರಲಿಲ್ಲ. "ಎಲ್ಲ ಸರಿಯಿದೆಯಲ್ಲ, ಟೀಚರ್?" ಎಂದರು. "ನೋಡಿ, ಓಡುತ್ತಿದೆಯಲ್ಲ" ಎಂದೆ. "ಟೀಚರ್ ಮನೆಯ ಸಾಮಾನು, ಇನ್ನೇನು ನೋಡುವುದಿದೆ" ಎಂದು ಅವರು ರಬ್ಬರ್ ಬ್ಯಾಂಡ್ ಬಿಚ್ಚಿ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು. ನಾನು ಒಂದು ಮೌಸನ್ನೂ ಚೀಲವನ್ನೂ ಉಚಿತವಾಗಿ ಕೊಟ್ಟೆ.

ಜುಲೈನಲ್ಲಿ, ನಾಪೋಕ್ಲು ಕಡೆ, ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಮಳೆಗಾಲ ಅದು. ಗುಡ್ಡದ ಮೇಲೆ ಚಾರ್ಜರ್ ಚುಚ್ಚುವುದೆಲ್ಲಿ?

ಅವರು ಒಮ್ಮೆಯೂ ಫೋನ್ ಮಾಡಲಿಲ್ಲ. ಮಾಡಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಕೇಳಿಯೂ ಇದ್ದರು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅವರನ್ನು ನಾಲ್ಕೈದು ಸಲ ಕಂಡಿದ್ದೇನೆ. ತರಕಾರಿ ಸಾಲು ಬಿಟ್ಟು ಒಣಮೀನಿನ ಕಡೆಗೆ ದಾಟಿಬಿಡುತ್ತೇನೆ. ಒಣಮೀನು ನಾನು ತಿನ್ನುವುದಿಲ್ಲ, ನಿಮಗೆ ಗೊತ್ತು.

ಇಂದು ಮಧ್ಯಾಹ್ನ ವರ್ಕ್‌ಶಾಪಿನ ಹುಡುಗ ಫೋನ್ ಮಾಡಿದ್ದ. "ಪಿಸ್ಟನ್ ಕಿಟ್ ಹಾಕುವುದೇ ಬೇಡ ಟೀಚರ್, ತಣ್ಣಗಿರುವಾಗ ಹಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಮೊಬೈಲಿನಲ್ಲಿ ಹಾಕಿ. ಯಾರಾದರೂ ಒಯ್ಯುತ್ತಾರೆ" ಎಂದ. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಹಾಕುತ್ತಿದ್ದೇನೆ, ಇಲ್ಲಿಯೇ:

ಹಳೆಯ ವೀಡ್ ಕಟರ್ ಮಾರಾಟಕ್ಕಿದೆ. ಟೂ ಸ್ಟ್ರೋಕ್. ಒಮ್ಮೆ ಸೀಜ್ ಆಗಿದೆ, ಪಿಸ್ಟನ್ ತುಂಬ ಗೀರು, ಸಿಲಿಂಡರನ್ನೂ ಬದಲಿಸಬೇಕು. ತಣ್ಣಗಿದ್ದರೆ ಒಂದೇ ಎಳೆತಕ್ಕೆ ಹಚ್ಚಿಕೊಳ್ಳುತ್ತದೆ, ಕಾಲು ಗಂಟೆಗೆ ನಿಲ್ಲುತ್ತದೆ, ಆಮೇಲೆ ಒಂದು ತಾಸು ಯಾರ ಮಾತನ್ನೂ ಕೇಳುವುದಿಲ್ಲ. ಹಿಡಿಕೆಯ ರಬ್ಬರ್ ಹರಿದಿದೆ. ಬ್ಲೇಡ್ ನಿಜಕ್ಕೂ ಚೆನ್ನಾಗಿದೆ. ಬೆಲೆ 3,500, ಚೌಕಾಸಿಗೆ ಅವಕಾಶವಿದೆ. ಕಾಫಿ ಕೊಡುತ್ತೇನೆ, ಆದರೆ ಮೆಷಿನ್ ಎರಡು ಸಲ ಹಚ್ಚಿ ನೋಡಿದ ಮೇಲೆ. ಮೂಟೆ ಹೊರುವವರ ಭುಜವಿದ್ದವರು ಬಂದರೆ ಒಳ್ಳೆಯದು.

ಶುಕ್ರವಾರ ಮಾತ್ರ ಬರಬೇಡಿ. ಅಂದು ಮಡಿಕೇರಿ ಸಂತೆಗೆ ಹೋಗುತ್ತಿದ್ದೇನೆ. ತರಕಾರಿ ಸಾಲಿನಲ್ಲಿ ಒಬ್ಬರನ್ನು ನೋಡುವುದಿದೆ.