ಮೂರೇ ದಿನ, ಕೊನೆಯವರೆಗೂ ನೋಡಿ

ಮೊಬೈಲಿನಲ್ಲಿ ಬರುವ ಮದ್ದಿನ ವಿಡಿಯೊಗಳನ್ನು ನಂಬಿದರೆ, ನಮ್ಮಲ್ಲಿ ಚರ್ಮರೋಗವೆಲ್ಲ ಈಗ ಮೂರು ದಿನದ ಬಾಬ್ತು. ಮೊಡವೆಗೆ ಮೂರು ದಿನ, ಬಂಗಿಗೆ ಮೂರು ದಿನ. ಚಿಬ್ಬು, ಇಸುಬು, ಹುಳುಕಡ್ಡಿಗೂ ತಲಾ ಮೂರು ದಿನ. ಮದುವೆ ಮನೆಯ ಪಂಕ್ತಿಯಲ್ಲಿ ಲಾಡು ಬಡಿಸಿದಂತೆ, ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಲ್ಚರ್ಮ ತನ್ನ ಪಾಡಿಗೆ ತಾನು ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಪಾಪ, ಅದು ಇನ್ನೂ ವಿಡಿಯೊ ನೋಡಿಲ್ಲ.

ಈ ವಿಡಿಯೊಗಳ ಹೊಸ್ತಿಲಲ್ಲೇ ಒಂದು ಮುಖ ನಿಂತಿರುತ್ತದೆ. ಎಡಗಡೆ ಕಾವಲಿಯ ತಳ, ಬಲಗಡೆ ಮೈದಾ ಹಿಟ್ಟು, ನಡುವೆ ಕೆಂಪು ಬಾಣ. ಒಳಗೆ ಹೋದರೆ ಅಡುಗೆಮನೆ. ಮೊನ್ನೆ ನಮ್ಮ ಅತ್ತಿಗೆ ಒಂದನ್ನು ಜೋರಾಗಿ ಹಾಕಿಕೊಂಡು ಕುಳಿತಿದ್ದರು. ಕಡಲೆಹಿಟ್ಟು ಎರಡು ಚಮಚ, ಚಿಟಿಕೆ ಅರಿಸಿನ, ಚಿಟಿಕೆ ಅಡುಗೆ ಸೋಡಾ, ಹದಕ್ಕೆ ತಕ್ಕಷ್ಟು ನೀರು. ಹೊರಗೆ ಪೇಪರ್ ಓದುತ್ತಿದ್ದ ಅಣ್ಣ ಕಿವಿಗೆ ಬಿದ್ದಷ್ಟನ್ನು ನಂಬಿ, 'ಈರುಳ್ಳಿಯದೋ, ಬಾಳೆಕಾಯಿಯದೋ?' ಎಂದು ಕೇಳಿದ. ಅತ್ತಿಗೆ ಉತ್ತರಿಸಲಿಲ್ಲ. ಅವರ ಮುಖ ಬಿಗಿದುಕೊಂಡಿತ್ತು, ಹಿಟ್ಟು ಒಣಗಿ.

ನಿಂಬೆ ಹೋಳನ್ನು ಸಕ್ಕರೆಯಲ್ಲಿ ಅದ್ದಿ ಕೆನ್ನೆಗೆ ತಿಕ್ಕುವುದು ಇದೇ ಶಾಸ್ತ್ರದ ಇನ್ನೊಂದು ಶಾಖೆ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ಚರ್ಮದ ಪಿಎಚ್ 5ರ ಆಸುಪಾಸು, ನಿಂಬೆರಸದ್ದು 2ರ ಆಸುಪಾಸು. ಆ ರಸ ಹಚ್ಚಿಕೊಂಡು ಬಿಸಿಲಿಗಿಳಿದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುವುದುಂಟು. ಚಿಂತೆಯಿಲ್ಲ. ಅದೇ ಚಾನೆಲ್ಲಿನಲ್ಲಿ ಮುಂದಿನ ವಿಡಿಯೊ ಸಿದ್ಧವಾಗಿರುತ್ತದೆ: 'ಕಪ್ಪು ಕಲೆ ಮೂರೇ ದಿನದಲ್ಲಿ ಮಾಯ.'

ನಾನು ನಗುವ ಹಾಗಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಸೊಂಟದ ಮೇಲೆ, ಬೆಲ್ಟ್ ಕೂರುವ ಜಾಗದಲ್ಲಿ, ಬಳೆಯಂಥ ಹುಳುಕಡ್ಡಿ ಎದ್ದಿತು. ಅಲ್ಲಿನ ತುರಿಕೆಯನ್ನು ಯಾರೆದುರೂ ಹೇಳಿಕೊಳ್ಳಲಾಗದು. ಮೊಬೈಲ್ ಎದುರು ನಾಚಿಕೆಯಿಲ್ಲ. ವಿಡಿಯೊದ ಯುವಕ ಮುಲಾಮಿನ ಟ್ಯೂಬನ್ನು ಮಂಗಳಾರತಿ ಎತ್ತಿದಂತೆ ಮೂರು ಸುತ್ತು ತಿರುಗಿಸಿ ತೋರಿಸಿದ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೇಳಲಿಲ್ಲ, 'ಚಿಕ್ಕದೋ, ದೊಡ್ಡದೋ?' ಎಂದಷ್ಟೇ ಕೇಳಿದರು. (2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು, ಅಂದರೆ ಉರಿಯೂತ ಇಳಿಸುವ ಮದ್ದುಗಳನ್ನು, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ದೆಹಲಿಯಲ್ಲಿ ಕ್ಷೇಮವಾಗಿದೆ.)

ಒಂದೇ ಟ್ಯೂಬಿನಲ್ಲಿ ಶಿಲೀಂಧ್ರಕ್ಕೊಂದು ಮದ್ದು, ಬ್ಯಾಕ್ಟೀರಿಯಾಕ್ಕೊಂದು, ಜತೆಗೆ ಬಲವಾದ ಸ್ಟಿರಾಯ್ಡ್. ತುರಿಕೆ ಎರಡೇ ದಿನಕ್ಕೆ ನಿಂತಿತು. ಹೇಳಿದ್ದಕ್ಕಿಂತ ಒಂದು ದಿನ ಮೊದಲೇ! ಆ ಯುವಕನಿಗೆ ಲೈಕ್ ಒತ್ತಿ, ನಾಲ್ಕು ಬಂಧುಗಳಿಗೂ ಕಳಿಸಿದೆ. ಅಷ್ಟರಲ್ಲಿ ಸ್ಟಿರಾಯ್ಡ್ ಮೈಯ ಕಾವಲುಗಾರನನ್ನು ಮಲಗಿಸಿತ್ತು. ಉರಿ ಇಳಿಯಿತು, ಬಳೆಯ ಅಂಚು ಅಳಿಸಿಹೋಯಿತು, ಹುಳುಕಡ್ಡಿಗೆ ಮೂಲವಾದ ಬೂಷ್ಟು ಒಳಗೊಳಗೇ ಹಬ್ಬಿತು. ವೈದ್ಯರು ಇದನ್ನು 'ಟಿನಿಯಾ ಇನ್‌ಕಾಗ್ನಿಟೊ' ಎನ್ನುತ್ತಾರೆ. ಅಜ್ಞಾತವಾಸದ ಹುಳುಕಡ್ಡಿ ಎನ್ನೋಣ. ಮುಲಾಮು ನಿಲ್ಲಿಸಿದ ವಾರಕ್ಕೆ ಅದು ಬನ್ನಿಮರದಿಂದ ಆಯುಧಗಳನ್ನು ಇಳಿಸಿಕೊಂಡು ತೊಡೆಯವರೆಗೂ ದಂಡೆತ್ತಿ ಬಂತು.

ಮದ್ದಿಗೆ ಸುಲಭವಾಗಿ ಜಗ್ಗದ ಇಂಥದೊಂದು ಶಿಲೀಂಧ್ರಕ್ಕೆ ಜಪಾನಿನ ಸಂಶೋಧಕರು 2020ರಲ್ಲಿ 'ಟ್ರೈಕೊಫೈಟಾನ್ ಇಂಡೊಟಿನಿಯೇ' ಎಂದು ನಾಮಕರಣ ಮಾಡಿದ್ದಾರೆ. ದೇಶದ ಹೆಸರು ಹೊತ್ತು ಅದು ಯುರೋಪು, ಅಮೆರಿಕಗಳನ್ನೂ ಸುತ್ತುತ್ತಿದೆ, ವೀಸಾದ ತಕರಾರಿಲ್ಲದೆ.

ಮೂರು ದಿನ ನಿಜವಾಗಿಯೂ ಲೆಕ್ಕಕ್ಕೆ ಬರುವ ಕಾಯಿಲೆ ಒಂದಿದೆ: ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಬೇಕೆನ್ನುತ್ತಾರೆ. ಇದರ ವಿಡಿಯೊಗಳಿಗೆ ಮಾತ್ರ ಯಾವ ಅವಸರವೂ ಇಲ್ಲ. ಹಾವಿನ ತಲೆಯೂ ಬಾಲವೂ ಕೂಡಿದರೆ ಪ್ರಾಣವೇ ಹೋಗುತ್ತದೆ ಎಂದು ಮೊದಲು ಹೆದರಿಸುತ್ತವೆ, ಆಮೇಲೆ ಕೆಮ್ಮಣ್ಣು ಕಲಸಲು ಕೂರಿಸುತ್ತವೆ. ನರವೊಂದರ ಹಾದಿ ಹಿಡಿದು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಿನಲ್ಲಿ ಉಳಿಯುವ ಈ ಹಾವಿಗೆ ಬಾಲ ಸಿಗುವುದಾದರೂ ಎಲ್ಲಿಂದ? ನಮ್ಮ ಚಿಕ್ಕಪ್ಪ ಐದನೆಯ ದಿನ ಆಸ್ಪತ್ರೆಗೆ ಬಂದಾಗ ಅವರ ಬೆನ್ನು ಹಬ್ಬಕ್ಕೆ ಸಾರಿಸಿದ ಜಗಲಿಯಂತಿತ್ತು, ರಂಗೋಲಿಯೊಂದು ಬಾಕಿ. ಗುಳ್ಳೆ ಒಣಗಿದ ಮೇಲೂ ನೋವು ಆರು ತಿಂಗಳು ಅವರನ್ನು ಬಿಡಲಿಲ್ಲ.

ಕೊನೆಗೆ ನಾನೂ ಚರ್ಮವೈದ್ಯರ ಮುಂದೆ ಕುಳಿತೆ. 'ಏನೇನು ಹಚ್ಚಿದ್ದೀರಿ?' ಎಂದರು. ಹೇಳುತ್ತಾ ಹೋದೆ. ಬರೆದುಕೊಳ್ಳುತ್ತಿದ್ದವರು ಬೆಳ್ಳುಳ್ಳಿಯ ಹೊತ್ತಿಗೆ ಪೆನ್ನು ಕೆಳಗಿಟ್ಟರು. ಆರು ವಾರದ ಮದ್ದು ಕೊಟ್ಟರು.

'ನೀವೇ ಒಂದು ವಿಡಿಯೊ ಮಾಡಬಾರದೇ ಡಾಕ್ಟರೇ?'

'ಮಾಡಿದ್ದೇನೆ' ಎಂದರು, ಸ್ವಲ್ಪ ಸಂಕೋಚದಿಂದ.

ಮನೆಗೆ ಬಂದು ಹುಡುಕಿ ನೋಡಿದೆ. ಬಾಣವಿಲ್ಲ, ಮೈದಾ ಇಲ್ಲ. ನಾಲ್ಕು ನಿಮಿಷದಲ್ಲಿ ಮೂರು ಸಲ 'ನೋಡದೆ ಹೇಳಲಾಗುವುದಿಲ್ಲ' ಎನ್ನುತ್ತಾರೆ. ನೋಡಿದವರು ನನ್ನನ್ನೂ ಸೇರಿಸಿ 41 ಮಂದಿ. ಕೆಳಗೆ ಒಬ್ಬರು ಕೇಳಿದ್ದರು: 'ಸರ್, ಇದಕ್ಕೆ ನಿಂಬೆಹಣ್ಣು ಹಚ್ಚಬಹುದೇ?'

'ಬೇಡ' ಎಂದು ಡಾಕ್ಟರ್ ಉತ್ತರಿಸಿದ್ದರು.

'ಮೂರೇ ದಿನ ಹಚ್ಚಿದರೆ?'