ಅರಿಸಿನ ಬಳಿದ ದೇವರ ಕೋಣೆ

ಅಡುಗೆಮನೆಯನ್ನು ನಾಲ್ಕು ಅಡಿ ಹಿಗ್ಗಿಸಲು ಅನುಮತಿ ಕೇಳಹೊರಟ ಬೆಂಗಳೂರಿನ ಗೃಹಸ್ಥರಿಗೆ ಮೊದಲು ದೊರೆಯುವ ಜ್ಞಾನವೆಂದರೆ, ತಾವು ವಾಸಿಸುತ್ತಿರುವ ಮನೆಯೇ ಬೇರೆ, ಸರ್ಕಾರಕ್ಕೆ ಗೊತ್ತಿರುವ ಮನೆಯೇ ಬೇರೆ ಎಂಬುದು. ಸುಣ್ಣ ಬಳಿಸುವವರೆಗೆ, ರೆಡ್ ಆಕ್ಸೈಡ್ ನೆಲ ಕೀಳಿಸಿ ಟೈಲ್ಸ್ ಹಾಕಿಸುವವರೆಗೆ, ಉದುರಿದ ಗಾರೆಗೆ ತೇಪೆ ಹಚ್ಚಿಸುವವರೆಗೆ ಯಾರೂ ಏನೂ ಕೇಳುವುದಿಲ್ಲ. ಇಂಥ ಕೆಲಸಗಳಿಗೆ ಲೈಸೆನ್ಸ್ ಬೇಕಿಲ್ಲವೆಂದು ಕಟ್ಟಡ ಬೈಲಾಗಳೇ ಹೇಳುತ್ತವೆ. ಹೊರಗೋಡೆಯೊಂದು ತಾನಿದ್ದ ಜಾಗ ಬಿಟ್ಟು ಕದಲುತ್ತದೆ ಎಂದಾಗ ಮಾತ್ರ ಖಾತಾ, ಕಂದಾಯದ ರಸೀದಿ, ಋಣಭಾರ ಪತ್ರ, ಹಳೆಯ ಮಂಜೂರಾತಿ ನಕ್ಷೆ ಎಲ್ಲವೂ ಒಟ್ಟಿಗೆ ನಿದ್ದೆಯಿಂದೆದ್ದು ಪರಸ್ಪರ ಜಗಳಕ್ಕೆ ನಿಲ್ಲುತ್ತವೆ.

ರಿಪೇರಿಗೂ ನಿರ್ಮಾಣಕ್ಕೂ ನಡುವಿನ ಈ ವ್ಯತ್ಯಾಸವನ್ನು ನಮ್ಮ ಮೇಸ್ತ್ರಿ ಒಪ್ಪುವವರಲ್ಲ. ಅವರ ನ್ಯಾಯಶಾಸ್ತ್ರದ ಪ್ರಕಾರ ಶನಿವಾರ ಸಂಜೆ ಕಚೇರಿಗಳು ಬಾಗಿಲು ಹಾಕಿದ ಮೇಲೆ ಆರಂಭವಾಗಿ, ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಮುಗಿಯುವ ಯಾವ ಕೆಲಸವಾದರೂ ‘ಸಣ್ಣ ರಿಪೇರಿ’ಯೇ ಸರಿ, ದಸರೆಯ ಸಾಲು ರಜೆ ಕೂಡಿಬಂದರೆ ಒಂದು ಅಂತಸ್ತು ಕೂಡ ರಿಪೇರಿಯ ವ್ಯಾಪ್ತಿಗೆ ಬರುತ್ತದೆ. ಅಡುಗೆಮನೆಯ ಗೋಡೆಯನ್ನು ಅವರು ಹಲಸಿನ ಹಣ್ಣಿನ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆಲಿಸಿ, “ಇದು ಭಾರ ಹೊತ್ತಿಲ್ಲ ಸಾರ್, ಸುಮ್ನೆ ನಿಂತಿದೆ” ಎಂದು ತೀರ್ಪಿತ್ತರು. 1970ರ ದಶಕದ ನಮ್ಮಂಥ ಮನೆಗಳಿಗೆ ಕಂಬ ತೊಲೆಗಳ ಚೌಕಟ್ಟಿರುವುದು ಅಪರೂಪ. ಒಂಬತ್ತಿಂಚಿನ ಇಟ್ಟಿಗೆ ಗೋಡೆಗಳೇ ತಾರಸಿಯನ್ನು ಹೊತ್ತು ನಿಂತಿರುತ್ತವೆ. ಅವುಗಳಲ್ಲಿ ದುಡಿಯುವವು ಯಾವುವು, ಸುಮ್ಮನೆ ನಿಂತವು ಯಾವುವು ಎಂಬುದನ್ನು ಕಿವಿಯಿಂದ ನಿರ್ಧರಿಸುವುದು ಮೇಲೆ ಮಲಗುವವರ ದೃಷ್ಟಿಯಿಂದ ಕ್ಷೇಮವಲ್ಲವೆನಿಸಿ, ನೋಂದಾಯಿತ ಇಂಜಿನಿಯರ್ ಒಬ್ಬರನ್ನು ಕರೆಸಿದೆವು.

ಇಂಜಿನಿಯರ್ ಕೇಳಿದ ಮೊದಲ ಕಾಗದವೇ ಹಳೆಯ ನಕ್ಷೆ. ನಿವೇಶನವು ಅಪ್ಪನಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನಿಂದ ಹಂಚಿಕೆಯಾಗಿತ್ತು. 1945ರಲ್ಲಿ ಹುಟ್ಟಿದ ಆ ಬೋರ್ಡು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದೊಳಗೆ ಲೀನವಾಗುವ ಕೆಲ ವರ್ಷಗಳ ಮೊದಲಿನ ಮಾತು ಅದು. ನಕ್ಷೆ ಸಿಕ್ಕಿದ್ದು ಅಟ್ಟದ ಟ್ರಂಕಿನಲ್ಲಿ, ಅಜ್ಜಿಯ ರೇಷ್ಮೆ ಸೀರೆಯ ಮಡಿಕೆಯೊಳಗೆ. ಬೆಳ್ಳಿಮೀನು ಹುಳುಗಳು ಸೀರೆಯನ್ನು ಗೌರವಿಸಿ ನಕ್ಷೆಯನ್ನಷ್ಟೇ ತಿಂದಿದ್ದವು. ಉಳಿದ ಭಾಗದಲ್ಲಿ ಕಂಡ ಮನೆ ಯಾರದೋ ಅಪರಿಚಿತರದು. ಅದಕ್ಕೆ ಸುತ್ತಲೂ ಗಾಳಿ ಬೆಳಕಿಗೆ ಖಾಲಿ ಜಾಗವಿತ್ತು, ಮುಂದೆ ತೆರೆದ ಜಗಲಿಯಿತ್ತು, ಬಚ್ಚಲುಮನೆ ಒಂದೇ ಒಂದಿತ್ತು, ದೇವರ ಕೋಣೆ ಇರಲೇ ಇಲ್ಲ. ಹನ್ನೆರಡು ಚದರದ (ಚದರವೆಂದರೆ ನೂರು ಚದರಡಿ) ನಿವೇಶನದಲ್ಲಿ ನಕ್ಷೆಯ ಪ್ರಕಾರ ಏಳು ಚದರದ ಮನೆ. ನಾವು ಕಂದಾಯ ಕಟ್ಟುತ್ತಿದ್ದುದು ಎಂಟೂವರೆ ಚದರಕ್ಕೆ. ಇಂಜಿನಿಯರರ ಟೇಪು ಹಿಡಿದುಕೊಟ್ಟದ್ದು ಹತ್ತಕ್ಕೂ ಸ್ವಲ್ಪ ಮೇಲೆ.

ಈ ಮೂರು ಚದರ ಯಾವ ದುರುದ್ದೇಶದಿಂದಲೂ ಹುಟ್ಟಿದ್ದಲ್ಲ. ಪಕ್ಕದ ಓಣಿಯಲ್ಲಿ ಅಪ್ಪನ ಸೈಕಲ್ ಮಳೆಗೆ ನೆನೆಯುತ್ತದೆಂದು ಮೊದಲು ಒಂದು ಕಲ್ನಾರಿನ ಶೀಟು ಬಂತು. ಶೀಟಿಗೆ ಆಧಾರವಾಗಿ ಗೋಡೆ ಬಂತು, ಗೋಡೆಯಿದ್ದ ಮೇಲೆ ನಲ್ಲಿ ಬಂತು, ನಲ್ಲಿಯಿದ್ದ ಮೇಲೆ ಅದು ಬಚ್ಚಲಾಗದೆ ಬೇರೆ ದಾರಿಯಿರಲಿಲ್ಲ. ಸೈಕಲ್ ಮತ್ತೆ ಹೊರಗೆ ನೆನೆಯತೊಡಗಿತು. ಜಗಲಿಗೆ ಕಳ್ಳರ ಭಯದಿಂದ ಗ್ರಿಲ್ ಹಾಕಿಸಿದರು, ಚಿಕ್ಕಪ್ಪ ಪಿಯುಸಿ ಓದಲು ಬಂದಾಗ ಗ್ರಿಲ್ಲಿಗೆ ಗಾಜು ಬಂತು, ಅವರ ಮದುವೆಯ ಹೊತ್ತಿಗೆ ಗಾಜಿನ ಜಾಗದಲ್ಲಿ ಇಟ್ಟಿಗೆ ಕೂತಿತು. ದೇವರ ಕೋಣೆಯಂತೂ ಪೂರ್ವದ ಸೆಟ್‌ಬ್ಯಾಕಿನಲ್ಲಿ, ಅಂದರೆ ನಿಯಮದ ಪ್ರಕಾರ ಖಾಲಿ ಬಿಡಬೇಕಾದ ಜಾಗದಲ್ಲಿ, ವಾಸ್ತು ಪಂಡಿತರೊಬ್ಬರು ಈಶಾನ್ಯ ಹಗುರವಾಗಿರಬೇಕು ಎಂದು ಹೇಳಿದ ಮೇಲೆ, ಆ ಹಗುರತನಕ್ಕೆ ಗ್ರಾನೈಟ್ ಹೊದಿಸಿ ಕಟ್ಟಿಸಿದ್ದು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳು ಕಟ್ಟಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ತಾವಾಗಿಯೇ ಬೆಳೆಯುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳತೆಯ ಸುದ್ದಿ ತಿಳಿದ ಪಕ್ಕದ ಮನೆಯವರು ತಮ್ಮದೇ ಟೇಪು ಹಿಡಿದು ಬಂದರು. ನಮ್ಮ ಬಚ್ಚಲ ಗೋಡೆ ಅವರ ಗಾಳಿಯನ್ನು ತಡೆಯುತ್ತಿದೆಯೆಂಬ ದೂರನ್ನು ಅವರು ಇಷ್ಟು ವರ್ಷ ಸೌಜನ್ಯದಿಂದ ಅದುಮಿಟ್ಟುಕೊಂಡಿದ್ದರಂತೆ. ಅಳೆಯುತ್ತ ಅಳೆಯುತ್ತ ಅವರ ಸಜ್ಜೆಯೇ ಕಾಂಪೌಂಡು ದಾಟಿ ನಮ್ಮ ಕಡೆಗೆ ಒಂಬತ್ತು ಇಂಚು ಮೂಗು ಚಾಚಿರುವುದು ಪತ್ತೆಯಾಗಿ, ಇಬ್ಬರೂ ಏಕಕಾಲಕ್ಕೆ ಹವಾಮಾನದ ಬಗ್ಗೆ ಮಾತನಾಡತೊಡಗಿದೆವು. ಅದೇ ಹೊತ್ತಿಗೆ ಇನ್ನೊಂದು ಸತ್ಯವೂ ಹೊರಬಿತ್ತು: ಪತ್ರದಲ್ಲಿ ಮೂವತ್ತು ಅಡಿಯಿರುವ ನಮ್ಮ ನಿವೇಶನದ ಅಗಲ ನೆಲದ ಮೇಲೆ ಇಪ್ಪತ್ತೊಂಬತ್ತೂವರೆ ಅಡಿ ಮಾತ್ರ. ಪಕ್ಕದವರದೂ ಅಷ್ಟೇ. ಸಾಲಿನ ಎಲ್ಲರೂ ಕಳೆದುಕೊಂಡ ಈ ಅರ್ಧರ್ಧ ಅಡಿಗಳು ಮೂಲೆಮನೆಯಲ್ಲಿ ಜಮೆಯಾಗಿವೆ ಎಂಬುದು ಬೀದಿಯ ಒಮ್ಮತದ ಅನುಮಾನ. ಮೂಲೆಮನೆಯವರು ಮಾತ್ರ ಮೋರಿಯ ಕಡೆ ಕೈ ತೋರಿಸುತ್ತಾರೆ.

ಇಂಥ ಸಂದರ್ಭದಲ್ಲಿ ಬೀದಿಯ ಹಿರಿಯರು ಕೊಡುವ ಸಲಹೆ ಒಂದೇ: “ಅಕ್ರಮ-ಸಕ್ರಮ ಬರುತ್ತೆ, ಕಾಯಿರಿ.” ವಾಸದ ಮನೆಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವ ಆ ಯೋಜನೆಯನ್ನು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಅಂದಿನಿಂದ ನಗರದ ಎಷ್ಟೋ ಮರ್ಯಾದಸ್ಥ ಕುಟುಂಬಗಳು ಅಕ್ರಮಕ್ಕೂ ಸಕ್ರಮಕ್ಕೂ ನಡುವಿನ ಆ ಪುಟ್ಟ ಅಡ್ಡಗೆರೆಯ ಮೇಲೆಯೇ ಸಂಸಾರ ಹೂಡಿ, ಮಕ್ಕಳ ಮದುವೆ ಮುಗಿಸಿವೆ. ನಮ್ಮ ಫ್ರಿಜ್ಜು ಹಜಾರದ ನಡುವೆ ನಿಂತು ಬಂದವರನ್ನೆಲ್ಲ ಎದುರುಗೊಳ್ಳುತ್ತಿತ್ತು. ಅದನ್ನು ಒಳಗೆ ಸೇರಿಸುವ ತುರ್ತಿನಲ್ಲಿ ಅಷ್ಟು ಕಾಯುವ ವ್ಯವಧಾನ ನಮಗಿರಲಿಲ್ಲ.

2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯಡಿ 50×80 ಅಡಿಯವರೆಗಿನ ನಿವೇಶನಗಳ ವಾಸದ ಮನೆಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಇಂಜಿನಿಯರರೇ ಪ್ರಮಾಣೀಕರಿಸಿ ಆನ್‌ಲೈನ್‌ನಲ್ಲಿ ನಕ್ಷೆ ಸಲ್ಲಿಸಬಹುದು ಎಂದು ಕೇಳಿ ನಾವು ಹಿಗ್ಗಿದ್ದುಂಟು. ಆದರೆ ಸರ್ಕಾರ ಇಂಜಿನಿಯರರನ್ನು ನಂಬಿದ ಕ್ಷಣದಿಂದ ಇಂಜಿನಿಯರರು ಬೇರೆ ಯಾರನ್ನೂ ನಂಬುವುದಿಲ್ಲ. ತಪ್ಪಾದರೆ ಹೋಗುವುದು ತನ್ನ ನೋಂದಣಿಯೆಂದು ಬಲ್ಲ ಆ ಮಹನೀಯರು, ಯಾವ ಅಧಿಕಾರಿಯೂ ಇಣುಕದ ನಮ್ಮ ನೀರಿನ ಸಂಪಿನೊಳಗೂ ಟಾರ್ಚು ಹಾಕಿ ನೋಡಿದರು. ಮೆಟ್ಟಿಲ ಕೆಳಗೆ ಅಜ್ಜಿ ಇಟ್ಟಿದ್ದ ಉಪ್ಪಿನಕಾಯಿ ಜಾಡಿಗಳ ಗೂಡನ್ನು ಸಹ ‘ಆವೃತ ಪ್ರದೇಶ’ವೆಂದು ಬರೆದುಕೊಂಡರು. ಪೂರ್ವದ ಒತ್ತುವರಿಯನ್ನು ತೆರವು ಮಾಡಿದರೆ ಮಾತ್ರ, ಹಿಂಬದಿಯಲ್ಲಿ ನಿಯಮದೊಳಗೆ ನಾಲ್ಕು ಅಡಿ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ.

ಅವರು ತಂದ ಹೊಸ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದಾಗ ಎಲ್ಲರಿಗಿಂತ ಮೊದಲು ಸಂತೋಷಪಟ್ಟವರು ಅಮ್ಮ. ಇಡೀ ಹಾಳೆಯಲ್ಲಿ ದೇವರ ಕೋಣೆಯೊಂದಕ್ಕೆ ಮಾತ್ರ ಹಳದಿ ಗೆರೆಗಳನ್ನು ತುಂಬಲಾಗಿತ್ತು. “ಈ ಕಾಲದ ಹುಡುಗರಿಗೂ ಸಂಸ್ಕಾರ ಇದೆ, ದೇವರ ಮನೆಗೆ ಅರಿಸಿನ ಹಚ್ಚಿದ್ದಾನೆ ನೋಡು” ಎಂದು ಇಂಜಿನಿಯರರಿಗೆ ಎರಡನೆಯ ಲೋಟ ಕಾಫಿ ಬಗ್ಗಿಸಿದರು. ನಕ್ಷೆಯ ವರ್ಣಸಂಹಿತೆಯಲ್ಲಿ ಹಳದಿಯೆಂದರೆ ಕೆಡವತಕ್ಕದ್ದು, ಕೆಂಪೆಂದರೆ ಹೊಸದಾಗಿ ಕಟ್ಟತಕ್ಕದ್ದು. ಇದನ್ನು ಬಲ್ಲ ಇಂಜಿನಿಯರರು ಕಾಫಿ ಮುಗಿಯುವವರೆಗೆ ಏನೂ ಹೇಳಲಿಲ್ಲ. ಮುಗಿದ ಮೇಲೆ ಹೇಳಿದರು. ಅಮ್ಮ ಬಹಳ ಹೊತ್ತು ಹಾಳೆಯನ್ನೇ ನೋಡಿ, ಅಡುಗೆಮನೆಯ ಪಕ್ಕದ ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟು, “ಅರಿಸಿನ ಹಚ್ಚಿದ ಕಡೆ ದೇವರು ಇರಬಾರದು ಅಂತಾದರೆ ಕುಂಕುಮ ಹಚ್ಚಿದ ಕಡೆ ಇರಲಿ” ಎಂದು ತೀರ್ಮಾನಿಸಿದರು. ಬೈಲಾದಲ್ಲಿ ಇದಕ್ಕೆ ವಿರೋಧವಾಗಿ ಏನೂ ಇರಲಿಲ್ಲ. ನಾಲ್ಕು ಅಡಿಯೂ ದೇವರ ಪಾಲಾಯಿತು. ಅಡುಗೆಮನೆ ಮೊದಲಿನಷ್ಟೇ ಇದೆ. ಫ್ರಿಜ್ಜು ಹಜಾರದಲ್ಲಿ ಅತಿಥಿಸತ್ಕಾರ ಮುಂದುವರಿಸಿದೆ.

ಈ ನಡುವೆ, 2025ರ ಸೆಪ್ಟೆಂಬರ್‌ನಲ್ಲಿ, ಏಳು ನಗರಸಭೆ, ಒಂದು ಪುರಸಭೆ, ನೂರಹತ್ತು ಹಳ್ಳಿಗಳನ್ನು ಕೂಡಿಸಿ 2007ರಲ್ಲಿ ಕಟ್ಟಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಹಿಸ್ಸೆಯಾಗಿ ಐದು ಪಾಲಿಕೆಗಳಾದವು. ಅಷ್ಟು ದೊಡ್ಡ ಮನೆಯ ನಡುಗೋಡೆಗಳ ನಕ್ಷೆಯಲ್ಲಿ ಯಾರ ಮನೆಯ ದೇವರಿಗೆ ಅರಿಸಿನ ಬಿತ್ತೆಂದು ಅಮ್ಮ ಪತ್ರಿಕೆಯಲ್ಲಿ ಹುಡುಕಿದರು.

ಲೈಸೆನ್ಸ್ ಕೈಗೆ ಬಂದ ದಿನ ಮೇಸ್ತ್ರಿಗೆ ನಿಜವಾದ ಬೇಸರವಾಯಿತು. ಹಗಲು ಹೊತ್ತಿನಲ್ಲಿ, ವಾರದ ದಿನಗಳಲ್ಲಿ ಕೆಲಸ ಮಾಡಿ ಅವರಿಗೆ ರೂಢಿಯಿರಲಿಲ್ಲ. ಕಾಮಗಾರಿ ನಡೆಯುವಷ್ಟೂ ಕಾಲ ಮಂಜೂರಾದ ನಕ್ಷೆ ಸ್ಥಳದಲ್ಲಿ ಪ್ರದರ್ಶಿತವಾಗಿರಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿರುವುದರಿಂದ, ಅದನ್ನು ಲ್ಯಾಮಿನೇಟ್ ಮಾಡಿಸಿ ಗೇಟಿಗೆ ತೂಗುಹಾಕಿದೆವು. ಹಾಲಿನವರು, ಕೊರಿಯರ್ ಹುಡುಗರು, ಬೆಳಗಿನ ವಾಯುವಿಹಾರದ ನಿವೃತ್ತರು ಎಲ್ಲರೂ ನಿಂತು ಓದುತ್ತಾರೆ. ಮೊನ್ನೆ ಮೂಲೆಮನೆಯವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಓದಿ, ಒಳಗೆ ಬಂದು, ನಿವೇಶನದ ಅಗಲವನ್ನು ಇಪ್ಪತ್ತೊಂಬತ್ತೂವರೆ ಅಡಿಯೆಂದು ಹೀಗೆ ಬಹಿರಂಗವಾಗಿ ಬರೆದಿರುವುದರ ಬಗ್ಗೆ ತಮ್ಮ ಲಿಖಿತ ಆಕ್ಷೇಪಣೆಯನ್ನು ಯಾರಿಗೆ ಸಲ್ಲಿಸಬೇಕೆಂದು ಕೇಳಿದರು.